ಮುನಿಸಿಕೊಂಡು ಹೋಗಲು ಒಂದು ಗಾಡಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ, ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಎಲ್ಲರೂ ಹಾಗೆಯೇ. ಅಪ್ಪ ಸಿಟ್ಟು ಬಂದರೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದುಬಿಡುತ್ತಿದ್ದ. ಅವ್ವ ಹಿತ್ತಲಿಗೆ ಹೋಗುತ್ತಿದ್ದಳು. ಅಣ್ಣನಂತೂ ಒಮ್ಮೆ ಬಸ್ಸು ಹತ್ತಿ ಧಾರವಾಡದವರೆಗೆ ಹೋಗಿ, ಊಟದ ಹೊತ್ತಿಗೆ ಸರಿಯಾಗಿ ವಾಪಸು ಬಂದಿದ್ದ. ಆ ಭಾಗ್ಯ ನನಗೊಬ್ಬಳಿಗೇ ಇರಲಿಲ್ಲ. ಎರಡನೇ ವರ್ಷಕ್ಕೆ ಪೋಲಿಯೊ ಬಂದು ನನ್ನ ಕಾಲೆರಡೂ ಸೋತವು. ಸಿಟ್ಟು ಮಾತ್ರ ಯಾವ ಊನವೂ ಇಲ್ಲದೆ ಬೆಳೆಯಿತು.

ಮದುವೆಯಾಗಿ ಅಮೆರಿಕದ ಸ್ಯಾನ್ ಡಿಯಾಗೋದ ಮೀರಾ ಮೆಸಾಕ್ಕೆ ಬಂದ ಮೇಲೆ ಈ ಕಷ್ಟ ಇಮ್ಮಡಿಯಾಯಿತು. ಇಲ್ಲಿ ಕೊತ್ತಂಬರಿ ಸೊಪ್ಪು ತರಬೇಕಾದರೂ ಕಾರು ಬೇಕು, ಕಾರು ಓಡಿಸುವವರು ಗಂಡ. ಊರುಗೋಲು ಹಿಡಿದು ಹಿಡಿದು ನನ್ನ ಭುಜಗಳು ಸವೆದ ಮೇಲೆ ಗಾಲಿಕುರ್ಚಿ ಬಂತು. ಅದನ್ನು ಮಡಚಿ ಡಿಕ್ಕಿಗೆ ಹಾಕುವವರೂ, ನನ್ನನ್ನು ಎತ್ತಿ ಸೀಟಿನಲ್ಲಿ ಕೂರಿಸುವವರೂ ಅವರೇ. ಈಗ ನೀವೇ ಹೇಳಿ, ಯಾರ ಮೇಲೆ ಸಿಟ್ಟು ಬಂದಿದೆಯೋ ಅವರೇ ನಮ್ಮನ್ನು ಎತ್ತಿ ಕೂರಿಸಬೇಕೆಂದರೆ ಮುನಿಸಿಕೊಂಡು ಹೋಗುವುದು ಹೇಗೆ?

ಒಮ್ಮೆ ಇಂಡಿಯನ್ ಅಂಗಡಿಯಲ್ಲಿ ಬದನೆಕಾಯಿಯ ವಿಷಯಕ್ಕೆ ಜಗಳವಾಯಿತು. ಅವರು ಮೆತ್ತಗಿರುವುದನ್ನೇ ಆರಿಸುತ್ತಾರೆ, ಇಪ್ಪತ್ತು ವರ್ಷದಿಂದ. ನಾನು ಹೇಳಿದೆ. ಅವರು ಪಕ್ಕದಲ್ಲಿದ್ದ ಅಪರಿಚಿತರ ಕಡೆ ತಿರುಗಿ ನಕ್ಕು, "ಇವಳು ಯಾವಾಗ್ಲೂ ಹೀಗೇನೇ" ಎಂದರು. ನನಗೆ ಉರಿದುಹೋಯಿತು.

"ನಾ ಹೊಂಟೆ" ಎಂದು ಕುರ್ಚಿ ತಿರುಗಿಸಿಕೊಂಡು ಹೊರಟೆ.

"ಐದು ನಿಮಿಷ ಇರು, ಬಂದೆ" ಎಂದರು ಅವರು, ಬಿಲ್ಲಿನ ಸಾಲಿನಿಂದ.

ಕಾರಿನ ಪಕ್ಕ ಬಿಸಿಲಲ್ಲಿ ಇಪ್ಪತ್ತು ನಿಮಿಷ ಕುಳಿತಿದ್ದೆ. ಅವರು ಬಂದರು, ಬಗ್ಗಿದರು, "ಕುತ್ತಿಗೆ ಹಿಡ್ಕೋ" ಎಂದರು. ಹಿಡಿದುಕೊಂಡೆ. ಹಿಚುಕುವ ಮನಸ್ಸಿತ್ತು, ಆದರೆ ಹಿಚುಕಿದರೆ ನಾನೇ ಬೀಳುತ್ತಿದ್ದೆ. ಅಷ್ಟರಲ್ಲಿ ನನಗೇ ನಗು ಬಂದು ಜಗಳ ಮುಗಿಯಿತು. ಹೀಗೆ ನನ್ನ ಒಂದು ಜಗಳವೂ ಅದರ ಪೂರ್ತಿ ಆಯುಷ್ಯ ಬದುಕಿದ್ದಿಲ್ಲ.

ಲಾಕ್‌ಡೌನ್ ಮುಗಿದು ನನ್ನ ಆಫೀಸಿನವರು ವಾರಕ್ಕೆ ಮೂರು ದಿನ ಬರಲೇಬೇಕು ಎಂದಾಗ ಹೊಸ ತೊಡಕು ಎದುರಾಯಿತು. ಭುಜ ಇನ್ನೂ ಹಾಳಾಗಬಾರದೆಂದು ಡಾಕ್ಟರು ಮೋಟಾರಿನ ಗಾಲಿಕುರ್ಚಿ ಬರೆದುಕೊಟ್ಟಿದ್ದರು. ಅದು ನನ್ನ ಗಂಡನಿಗಿಂತ ಭಾರ, ನಮ್ಮ ಕಾರಿನೊಳಗೆ ಹೋಗುವುದೇ ಇಲ್ಲ. ಮನೆಯೊಳಗೆ ರಾಣಿಯಂತೆ ಓಡಾಡಿ, ಹೊರಗೆ ಹೋಗುವಾಗ ಮತ್ತೆ ಹಳೆಯ ಕುರ್ಚಿ, ಮತ್ತೆ ಕುತ್ತಿಗೆ. ಆಗ ಆಫೀಸಿನ ಗೆಳತಿಯೊಬ್ಬಳು ಒಂದು ಸ್ಕೀಮಿನ ಬಗ್ಗೆ ಹೇಳಿದಳು. ಅಂಗವಿಕಲರು ಕೆಲಸಕ್ಕೆ ಹೋಗಿಬರಲು ಸರ್ಕಾರದ ನೆರವು ಇದೆಯಂತೆ: ವ್ಯಾನು ಕೊಳ್ಳುವ ಖರ್ಚು ನಮ್ಮದು, ಅದಕ್ಕೆ ರ‍್ಯಾಂಪು, ಕೈಯಿಂದಲೇ ಒತ್ತುವ ಬ್ರೇಕು, ಆಕ್ಸಿಲರೇಟರು ಎಲ್ಲ ಅವರದು. ಆದರೆ ಒಬ್ಬ ತಜ್ಞೆ ಮನೆಗೆ ಬಂದು ನಮಗೆ ಅದರ ಅಗತ್ಯ ಇದೆಯೇ ಎಂದು ನೋಡಬೇಕು.

ಅಪ್ಲೈ ಮಾಡಿದೆ. ಅರ್ಜಿಯಲ್ಲಿ ಉದ್ದೇಶ ಎಂಬಲ್ಲಿ ಉದ್ಯೋಗ ಎಂದು ಬರೆದೆ. ಅದು ನಿಜವೇ. ಆದರೆ ನಿಜವಾದ ನಿಜ ಏನೆಂದು ನನಗೆ ಗೊತ್ತಿತ್ತು, ಬದನೆಕಾಯಿಗೂ ಗೊತ್ತಿತ್ತು.

ತಜ್ಞೆ ಬರುತ್ತಾಳೆ ಎಂದ ದಿನ ನಾನು ಮಾಡಿದ್ದನ್ನು ನೆನೆದರೆ ಈಗಲೂ ಹಣೆ ಚಚ್ಚಿಕೊಳ್ಳಬೇಕೆನಿಸುತ್ತದೆ. ಬೆಳಗ್ಗೆಯೇ ಮನೆ ಒರೆಸಿದೆ. ಉಪ್ಪಿಟ್ಟು, ಕೇಸರಿಬಾತು ಮಾಡಿದೆ. ಇಳಕಲ್ ಸೀರೆ ಉಟ್ಟೆ. ಮೋಟಾರಿನ ಕುರ್ಚಿ ನೋಡಿದರೆ ಏನು ತಿಳಿದುಕೊಂಡಾಳು ಎಂದು ಅದನ್ನು ಗ್ಯಾರೇಜಿಗೆ ತಳ್ಳಿಸಿ ಮೇಲೆ ಬೆಡ್‌ಶೀಟ್ ಹೊದಿಸಿದೆ. ಅದು ಹೆಣ್ಣು ನೋಡುವ ಶಾಸ್ತ್ರವೇ ಆಗಿಹೋಗಿತ್ತು, ನನಗೆ ಹೊಳೆದಿರಲಿಲ್ಲ ಅಷ್ಟೆ. ಇಪ್ಪತ್ತು ವರ್ಷದ ಹಿಂದೆ ಗಂಡಿನ ಕಡೆಯವರು ಬಂದಾಗಲೂ ಅವ್ವ ನನಗೆ ವಾರಗಟ್ಟಲೆ ತಾಲೀಮು ಮಾಡಿಸಿದ್ದಳು. ಒಂದು ಕಂಕುಳಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ಟ್ರೇ, ಒಂದು ಹನಿ ಚಹಾ ಚೆಲ್ಲಬಾರದು. "ಎಲ್ಲಾ ಮಾಡ್ತಾಳ್ರಿ, ಯಾರ ಮ್ಯಾಲೂ ಭಾರ ಆಗಂಗಿಲ್ಲ" ಎಂದು ಅವ್ವ ಹೇಳುವಾಗ ನಾನು ನಗುತ್ತಾ ನಿಂತಿದ್ದೆ, ಭುಜದಲ್ಲಿ ಜೀವ ಹೋಗುತ್ತಿತ್ತು. ಅಂದು ಮೂರು ತಟ್ಟೆ ಉಪ್ಪಿಟ್ಟು ತಿಂದ ಹುಡುಗನೇ ಈ ನನ್ನ ಗಂಡ.

ತಜ್ಞೆ ಕಾಗದ ತೆಗೆದು ಕೇಳತೊಡಗಿದಳು. ಸ್ನಾನ? ನೋ ಪ್ರಾಬ್ಲಂ. ಅಡುಗೆ? ತಿಂದು ನೋಡಿ. ಕುರ್ಚಿಯಿಂದ ಮಂಚಕ್ಕೆ? ನಿಮಿಷದಲ್ಲಿ ಹಾರಿ ತೋರಿಸಿದೆ. ಕಾರಿಗೆ ಹತ್ತಲು ಕಷ್ಟವೇ? "ನಾವು ಮ್ಯಾನೇಜ್ ಮಾಡ್ತೀವಿ." ಅಷ್ಟು ಸಾಲದೆಂದು ಗಂಡನೂ ಬಾಗಿಲಲ್ಲಿ ನಿಂತು ಎದೆಯುಬ್ಬಿಸಿ ಇಂಗ್ಲಿಷಿನಲ್ಲಿ ನಮ್ಮವ್ವನ ಮಾತನ್ನೇ ಹೇಳಿದರು: ಇವಳು ಎಲ್ಲಾ ಮಾಡ್ತಾಳೆ. ತಜ್ಞೆ ಎರಡು ಸಲ ಕೇಸರಿಬಾತು ಹಾಕಿಸಿಕೊಂಡು ತಿಂದು, ಬಹಳ ಮೆಚ್ಚಿಕೊಂಡು ಹೋದಳು. ಸಂಬಂಧ ಕುದುರಿತು ಎಂದೇ ನಾವಿಬ್ಬರೂ ಅಂದುಕೊಂಡೆವು.

ಮೂರು ವಾರಕ್ಕೆ ಪತ್ರ ಬಂತು. ಅರ್ಜಿದಾರರು ಎಲ್ಲ ಕೆಲಸಗಳಲ್ಲಿ ಸ್ವತಂತ್ರರು, ರ‍್ಯಾಂಪಿನ ವ್ಯಾನಿನ ಅಗತ್ಯ ಕಂಡುಬರುವುದಿಲ್ಲ.

ನಾನು ಪತ್ರವನ್ನು ಮೂರು ಸಲ ಓದಿದೆ. ಹದಿಮೂರು ವರ್ಷದ ಮಗಳು ನನ್ನ ಭುಜದ ಮೇಲಿಂದ ಓದಿ, "ಅಮ್ಮಾ, ಯು ಗಾಟ್ ಎ ಹಂಡ್ರೆಡ್ ಪರ್ಸೆಂಟ್ ಆನ್ ದ ರಾಂಗ್ ಟೆಸ್ಟ್" ಎಂದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಯಾವಾಗಲೂ ಇಂಗ್ಲಿಷಿನಲ್ಲಿ.

ಕಚೇರಿಗೆ ಫೋನ್ ಮಾಡಿ ಗೋಗರೆದೆ. ನನ್ನ ಅರ್ಜಿ ನೋಡಿಕೊಳ್ಳುತ್ತಿದ್ದ ಪುಣ್ಯಾತ್ಮ ಇನ್ನೊಂದು ಪರೀಕ್ಷೆಗೆ ಒಪ್ಪಿದ. ಎರಡು ತಾಸು ದೂರದ ಪೊಮೊನಾದಲ್ಲಿ ವ್ಯಾನುಗಳನ್ನು ಮಾರ್ಪಡಿಸುವ ಒಂದು ವರ್ಕ್‌ಶಾಪಿನಲ್ಲಿ, ಬೇರೊಬ್ಬ ತಜ್ಞೆಯಿಂದ. "ಒಳ್ಳೆಯ ದಿನದ ಬಗ್ಗೆ ಹೇಳಬೇಡಿ, ಕೆಟ್ಟ ದಿನದ ಬಗ್ಗೆ ಹೇಳಿ" ಎಂದ.

ಮನೆಯಲ್ಲಿ ಮತ್ತೆ ತಾಲೀಮು ಶುರುವಾಯಿತು, ಈ ಸಲ ತಿರುಗುಮುರುಗು. ಮಗಳು ಪ್ಯಾಡು ಹಿಡಿದು ಎದುರಿಗೆ ಕುಳಿತು ನೀವೊಬ್ಬರೇ ಕುರ್ಚಿ ಎತ್ತಬಲ್ಲಿರಾ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು.

"ಒಮ್ಮೊಮ್ಮೆ, ಸ್ವಲ್ಪ ಹಂಗ ಹಿಂಗ ಮಾಡಿ..." ಎನ್ನುತ್ತಿದ್ದೆ ನಾನು.

"ಅಮ್ಮಾ! ಜಸ್ಟ್ ಸೇ ನೋ!"

ನಾಲಿಗೆ ತಿರುಗುತ್ತಿರಲಿಲ್ಲ. ಹುಟ್ಟಿದಾಗಿನಿಂದ ಆಗುತ್ತದೆ, ಆಗುತ್ತದೆ ಎಂದು ಹೇಳಿ ಶಾಲೆಗೆ ಸೇರಿದವಳು, ಕಾಲೇಜು ಮುಗಿಸಿದವಳು, ಮದುವೆಯಾದವಳು, ವೀಸಾ ತೆಗೆದುಕೊಂಡವಳು ನಾನು. ಆಗುವುದಿಲ್ಲ ಎಂದರೆ ಅಷ್ಟೂ ಕುಸಿದುಬೀಳುತ್ತದೆ ಎಂಬ ಭಯ ನನಗಿತ್ತು.

ಪೊಮೊನಾಕ್ಕೆ ಮೋಟಾರಿನ ಕುರ್ಚಿಯನ್ನು ಬಾಡಿಗೆಯ ಗಾಡಿಯಲ್ಲಿ ಹೇರಿಕೊಂಡು ಹೋದೆವು. ಗಂಡನನ್ನು ಹೊರಗೇ ಕೂರಿಸಿದೆ, ಬಾಯಿ ಬಿಟ್ಟರೆ ಹೊಗಳಿಬಿಡುತ್ತಾರೆ ಎಂದು. ತಜ್ಞೆ ಬೆಳ್ಳಿ ಕೂದಲಿನ ಗಟ್ಟಿ ಹೆಂಗಸು. ನೀವೊಬ್ಬರೇ ಕುರ್ಚಿಯನ್ನು ಕಾರಿಗೆ ಹಾಕಬಲ್ಲಿರಾ ಎಂದಳು. ನನ್ನ ಬಾಯಿ ತೆರೆಯಿತು, ನೋ ಪ್ರಾಬ್ಲಂ ಎನ್ನುವುದು ತುಟಿಯವರೆಗೂ ಬಂತು.

"ಆಗುವುದಿಲ್ಲ" ಎಂದೆ.

ಏನೂ ಕುಸಿಯಲಿಲ್ಲ. ಅವಳು ಒಂದು ಗೀಟು ಎಳೆದು ಮುಂದಿನ ಪ್ರಶ್ನೆ ಕೇಳಿದಳು. ಆಗುವುದಿಲ್ಲ. ಅದೂ ಆಗುವುದಿಲ್ಲ. ಭುಜ ನೋಯುತ್ತದೆ, ಬಹಳ ನೋಯುತ್ತದೆ, ಮದುವೆಗೆ ಮೊದಲಿನಿಂದ ನೋಯುತ್ತಿದೆ. ಹೇಳುತ್ತಾ ಹೇಳುತ್ತಾ ನನಗೆ ಒಂಥರಾ ಅಮಲೇರಿತು, ಅವಳು ಕೇಳದಿದ್ದದ್ದನ್ನೂ ಹೇಳಿದೆ. ಕಣ್ಣಲ್ಲಿ ನೀರೂ ಬಂತು, ಆದರೆ ಅದು ದುಃಖದ್ದಲ್ಲ. ಅಷ್ಟು ಹಗುರ ನಾನು ಎಂದೂ ಆಗಿರಲಿಲ್ಲ.

ಕೊನೆಗೆ ಅವಳು ಪೆನ್ನು ಕೆಳಗಿಟ್ಟು, ಒಬ್ಬರೇ ಹೋಗುವಂತಾದರೆ ಮೊದಲು ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದಳು. ಆಫೀಸಿಗೆ ಎನ್ನಬೇಕಿತ್ತು. ನಿಜ ಹೇಳುವ ಚಟ ಹತ್ತಿಬಿಟ್ಟಿತ್ತಲ್ಲ. "ಎಲ್ಲಿಗೂ ಅಲ್ಲ. ಗಂಡನ ಜೊತೆ ಜಗಳವಾಡಿ ಎದ್ದು ಹೋಗಬೇಕು" ಎಂದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಾನು ಎರಡು ಸಲ ಹೋಗಿದ್ದೇನೆ, ಬಹಳ ಒಳ್ಳೆಯದು" ಎಂದು ಕಾಗದದ ಕೆಳಗೆ ಸಹಿ ಹಾಕಿದಳು.

ಮಂಜೂರಾಯಿತು. ಆಮೇಲೆ ತಿಂಗಳುಗಟ್ಟಲೆ ಕಾದದ್ದು, ಪೊಮೊನಾದ ಪಾರ್ಕಿಂಗ್ ಲಾಟಿನಲ್ಲಿ ಕೈಯಿಂದ ಡ್ರೈವ್ ಮಾಡಲು ಕಲಿತದ್ದು, ಟೆಸ್ಟಿನಲ್ಲಿ ಒಮ್ಮೆ ಫೇಲಾದದ್ದು ಎಲ್ಲ ಬಿಡಿ. ವ್ಯಾನಿನ ಬಗ್ಗೆ ಹೇಳುತ್ತೇನೆ. ದಾಳಿಂಬೆಯ ಬಣ್ಣ. ಗುಂಡಿ ಒತ್ತಿದರೆ ಬಾಗಿಲು ತಾನಾಗಿ ಸರಿಯುತ್ತದೆ, ಇಡೀ ಗಾಡಿ ಒಂದು ಪಕ್ಕಕ್ಕೆ ಬಗ್ಗುತ್ತದೆ, ರ‍್ಯಾಂಪು ನಾಲಿಗೆಯಂತೆ ಹೊರಗೆ ಚಾಚುತ್ತದೆ. ನಾನು ಜುಮ್ಮನೆ ಒಳಗೇರಿ ಮುಂದಕ್ಕೆ ಹೋದರೆ ನನ್ನ ಕುರ್ಚಿ ಟಕ್ಕೆಂದು ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಡ್ರೈವರ್ ಸೀಟನ್ನೇ ಕಿತ್ತುಹಾಕಿದ್ದರು! ಅಂದರೆ ಈ ಗಾಡಿಯನ್ನು ನನ್ನ ಗಂಡ ಓಡಿಸಲಾರರು. ಗೊತ್ತಾದ ದಿನ ಖುಷಿಗೆ ನನಗೆ ಊಟ ಸೇರಲಿಲ್ಲ. ಎಡಗೈಯ ಹಿಡಿಕೆ ಮುಂದಕ್ಕೆ ತಳ್ಳಿದರೆ ಬ್ರೇಕು, ಹಿಂದಕ್ಕೆ ಎಳೆದರೆ ಓಟ. ಸುಮ್ಮನೆ ಅಂಗಡಿಗೆ ಹೋಗಿ ನಾನೇ ಒಂದು ಕಂತೆ ಕೊತ್ತಂಬರಿ ತಂದೆ. ಮರುದಿನ ಮತ್ತೊಂದು ಕಂತೆ. ಆ ವಾರವಿಡೀ ಮನೆಯವರಿಗೆ ಕೊತ್ತಂಬರಿ ಚಟ್ನಿ.

ಎಲ್ಲ ಸರಿ, ಜಗಳವೇ ಸಿಗಲಿಲ್ಲ. ಆಫೀಸಿಗೆ ನಾನೇ ಹೋಗಿ ನಾನೇ ಬರುತ್ತಿದ್ದೆ, ಖುಷಿಯಲ್ಲಿ ತೇಲುತ್ತಿದ್ದೆ. ಅವರು ಮೆತ್ತನೆಯ ಬದನೆಕಾಯಿ ತಂದರೂ ಪಾಪ ಅನಿಸುತ್ತಿತ್ತು. ಎರಡು ತಿಂಗಳು ಹೀಗೇ ಹಾಳಾಗಿ ಹೋದವು.

ಕೊನೆಗೆ ಪೊಮೊನಾದ ಪಕ್ಕದ ಊರಾದ ಡೈಮಂಡ್ ಬಾರ್‌ನಲ್ಲಿ ಕೂಡಿಬಂತು. ಗಂಡನ ಅಕ್ಕನ ಮನೆ ಅಲ್ಲಿ ಗುಡ್ಡದ ಮೇಲಿದೆ. ಭಾನುವಾರದ ಊಟಕ್ಕೆ ಗಂಡ, ಮಗಳು ಇಬ್ಬರನ್ನೂ ನಾನೇ ವ್ಯಾನಿನಲ್ಲಿ ಕರೆದುಕೊಂಡು ಹೋಗಿದ್ದೆ. ಹತ್ತಾರು ಜನ ಸೇರಿದ್ದರು. ಒಬ್ಬರು ವ್ಯಾನು ಚೆನ್ನಾಗಿದೆ ಎಂದರು. ನನ್ನ ಗಂಡ ಹೋಳಿಗೆಗೆ ತುಪ್ಪ ಹಾಕಿಕೊಳ್ಳುತ್ತಾ, "ಅಯ್ಯೋ, ಅದಕ್ಕೆ ನಾನು ಎಷ್ಟು ಓಡಾಡಿದೀನಿ ಗೊತ್ತಾ? ಎಲ್ಲಾ ನಾನೇ ಮಾಡಿ ಕೊಡಿಸ್ದೆ" ಎಂದುಬಿಟ್ಟರು.

ನನ್ನ ಕಿವಿ ಬಿಸಿಯಾದವು. "ಏನಂದ್ರಿ? ಯಾರು ಕೊಡಿಸಿದ್ರು?" ಎಂದೆ.

"ತಮಾಷೆಗಂದೆ ಕಣೆ."

"ನಾ ಹೊಂಟೆ."

ಎಲ್ಲರೂ ನಕ್ಕರು. ಇಪ್ಪತ್ತು ವರ್ಷದಿಂದ ಆ ಮನೆಯಲ್ಲಿ ನಾನು ಹೊಂಟೆ ಎಂದಿದ್ದೇನೆ, ಒಮ್ಮೆಯೂ ಹೋಗಿದ್ದಿಲ್ಲ. ಆದರೆ ಈಗ ಬೀಗದ ಕೈ ನನ್ನ ತೊಡೆಯ ಮೇಲಿತ್ತು. ಕುರ್ಚಿ ತಿರುಗಿಸಿದೆ, ಬಾಗಿಲು ದಾಟಿದೆ, ಗುಂಡಿ ಒತ್ತಿದೆ. ಒಂದು ಮಾತು ಒಪ್ಪಿಕೊಳ್ಳಬೇಕು, ಇದರಲ್ಲಿ ಬಾಗಿಲು ಧಡಾರನೆ ಹಾಕಿಕೊಂಡು ಹೋಗುವ ಗತ್ತು ಇಲ್ಲ. ಬೀಪ್ ಬೀಪ್ ಎನ್ನುತ್ತಾ ಬಾಗಿಲು ನಿಧಾನವಾಗಿ ಸರಿಯಿತು, ಗಾಡಿ ವಿನಯದಿಂದ ಬಗ್ಗಿತು, ರ‍್ಯಾಂಪು ಸಾವಕಾಶ ಇಳಿಯಿತು. ಅಷ್ಟು ಹೊತ್ತೂ ನಾನು ಮುಖ ಊದಿಸಿಕೊಂಡೇ ಇರಬೇಕಾಯಿತು. ಮನೆಯ ಕಿಟಕಿಯ ತುಂಬ ಮುಖಗಳು.

ಗಂಡ ಓಡಿಬಂದರು, ವಾದ ಇನ್ನೂ ಮುಗಿದಿರಲಿಲ್ಲ. "ಒಂದು ಮಾತು ಅಂದಿದ್ದಕ್ಕೆ ಇಷ್ಟು ಜನರ ಮುಂದೆ..." ಎನ್ನುತ್ತಾ, ಎನ್ನುತ್ತಲೇ, ನನ್ನ ಪಕ್ಕಕ್ಕೆ ಬಂದು ಬಗ್ಗಿ ಕುತ್ತಿಗೆ ಚಾಚಿದರು. "ಹಿಡ್ಕೋ" ಎಂದರು.

ಅಷ್ಟರಲ್ಲಿ ನಾನು ರ‍್ಯಾಂಪು ಹತ್ತಿಯಾಗಿತ್ತು. ಒಳಗಿನಿಂದ ನೋಡಿದೆ. ಅವರು ಬಗ್ಗಿಕೊಂಡೇ ಇದ್ದರು. ನಿಧಾನವಾಗಿ ನೆಟ್ಟಗಾಗಿ ತಮ್ಮ ಎರಡೂ ಕೈ ನೋಡಿಕೊಂಡರು, ಅವುಗಳನ್ನು ಎಲ್ಲಿಡಬೇಕೆಂದು ತಿಳಿಯದವರ ಹಾಗೆ. ನನಗೆ ಅವರ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ ಅಳು ಬರುವಂತಾಯಿತು. ಆದರೂ ಬಾಗಿಲು ಮುಚ್ಚಿ ಗಾಡಿ ಚಾಲೂ ಮಾಡಿದೆ. ಎಷ್ಟು ವರ್ಷ ಕಾದು ಸಿಕ್ಕ ಜಗಳ ಅದು.

ಅಲ್ಲಿನ ಡ್ರೈವ್‌ವೇ ಕಡಿದಾದ ಇಳಿಜಾರು, ಹಿಂದೆ ಎರಡೂ ಕಡೆ ಕಾರುಗಳು. ಅವರು ಅದನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಆಮೇಲೆ ಓಡಿ ಗಾಡಿಯ ಹಿಂದಕ್ಕೆ ಹೋಗಿ ಕೈ ಬೀಸತೊಡಗಿದರು. "ಬರ್ಲಿ, ಬರ್ಲಿ... ಸ್ವಲ್ಪ ಲೆಫ್ಟ್... ಹಾಂ, ಬರ್ಲಿ!" ರಸ್ತೆಗೆ ಇಳಿದ ಮೇಲೆ ವ್ಯಾನಿನ ಪಕ್ಕೆಗೆ ಎರಡು ಬಾರಿ ತಟ್ಟಿ, ನಮ್ಮೂರ ಬಸ್ಸಿನ ಕಂಡಕ್ಟರನ ಹಾಗೆ ಕೂಗಿದರು: "ರೈಟ್, ರೈಟ್!"

ಮುಖ ಊದಿಸಿಕೊಂಡೇ ಹೊರಟೆ. ಗುಡ್ಡ ಇಳಿದು, ತಿರುವು ದಾಟಿ, ಅವರು ಕನ್ನಡಿಯಿಂದ ಮರೆಯಾದ ಮೇಲೆ ಗಟ್ಟಿಯಾಗಿ ಕೂಗಿಕೊಂಡೆ. ಮಾತಲ್ಲ, ಬರೀ ಕೂಗು. ಫ್ರೀವೇ ಹತ್ತುವ ಹೊತ್ತಿಗೆ ಫೋನು ಬಂತು, ವ್ಯಾನಿನ ಸ್ಪೀಕರಿನಲ್ಲಿ ಮಗಳ ದನಿ.

"ಅಮ್ಮಾ, ದ್ಯಾಟ್ ವಾಸ್ ಸೋ ಕೂಲ್. ಬಟ್ ಹೌ ಡು ವಿ ಗೆಟ್ ಹೋಮ್?"

ಅದು ನನಗೆ ಹೊಳೆದೇ ಇರಲಿಲ್ಲ. ಹಿಂದಿನಿಂದ ಗಂಡನ ದನಿ ಕೇಳಿಸಿತು, ಬಹಳ ಮೆತ್ತಗೆ: "ಬಂದು ಕರ್ಕೊಂಡು ಹೋಗ್ತೀಯಾ ಅಂತ ಕೇಳು."

"ಐದು ನಿಮಿಷ ಇರ್ರಿ, ಬಂದೆ" ಎಂದೆ.

ವಾಪಸು ತಿರುಗಬೇಕಾದ ಎಕ್ಸಿಟ್ ಬಲಕ್ಕೆ ಬಂತು. ಹಿಡಿಕೆಯನ್ನು ಇನ್ನಷ್ಟು ಹಿಂದಕ್ಕೆಳೆದು ಅದನ್ನು ದಾಟಿಹೋದೆ. ಅದರ ಮುಂದಿನದನ್ನೂ ದಾಟಿದೆ.