ಕಾಲು ಜೋತುಬಿಟ್ಟರೆ ಹುಂಜ

ನಮ್ಮ ಅತ್ತೆ ಕೋಳಿಮರಿಯನ್ನು ಕತ್ತಿನ ಹಿಂದಿನ ಚರ್ಮ ಹಿಡಿದು ಮೆಲ್ಲಗೆ ಎತ್ತುತ್ತಿದ್ದರು. ಮರಿ ಕಾಲನ್ನು ಹೊಟ್ಟೆಗೆ ಎಳೆದುಕೊಂಡರೆ ಹ್ಯಾಟಿ, ಅಂದರೆ ಹೆಣ್ಣು. ಕಾಲು ಜೋತುಬಿಟ್ಟರೆ ಹುಂಜ. ಇಷ್ಟೇ ಪರೀಕ್ಷೆ. ಅಂಕಲಗಿ ಹತ್ತಿರದ ನಮ್ಮೂರಿನಲ್ಲಿ ಈ ವಿಷಯಕ್ಕೆ ಅವರದೇ ಕೊನೆಯ ಮಾತು. ಓಣಿಯ ಹೆಂಗಸರು ಸೆರಗಿನಲ್ಲಿ ಮರಿ ಕಟ್ಟಿಕೊಂಡು ಬಂದು ನಮ್ಮ ಕಟ್ಟೆಯ ಮೇಲೆ ಸರದಿ ಕಾಯುತ್ತಿದ್ದರು. ಅತ್ತೆ ಎತ್ತಿ, ನೋಡಿ, ತೀರ್ಪು ಕೊಟ್ಟು ಇಳಿಸುತ್ತಿದ್ದರು.

ತೀರ್ಪು ಹೆಚ್ಚುಕಡಿಮೆ ಅರ್ಧದಷ್ಟು ಸಲ ಸರಿಯಾಗುತ್ತಿತ್ತು. ಉಳಿದರ್ಧ ಸಲ, ಹ್ಯಾಟಿ ಎಂದದ್ದು ಬೆಳೆದು ಕೆಂಪು ಜುಟ್ಟು ಬಿಟ್ಟುಕೊಂಡು ನಸುಕಿನಲ್ಲಿ ಕೂಗುತ್ತಿತ್ತು. ಆಗ ಅತ್ತೆ, "ನಾ ನೋಡಿದ್ದು ಆ ಮರಿ ಅಲ್ಲ. ಯಾರೋ ಬದಲ ಮಾಡ್ಯಾರ," ಎನ್ನುತ್ತಿದ್ದರು. ಅವರ ಮಾತು ನಂಬಿದರೆ ನಮ್ಮ ಓಣಿಯಲ್ಲಿ ಮರಿ ಕದಿಯುವವರಿಗಿಂತ ಬದಲಿಸುವವರೇ ಜಾಸ್ತಿ. ಯಾರೂ ಎದುರು ಮಾತಾಡುತ್ತಿರಲಿಲ್ಲ. ಮುಂದಿನ ಸಲವೂ ಮರಿ ತರುತ್ತಿದ್ದರು.

ಮೂಡಲಗಿಗೆ ಕೊಟ್ಟ ನನ್ನ ನಾದಿನಿ ಒಮ್ಮೆ ಮೊಬೈಲಿಗೆ ವಿಡಿಯೊ ಕಳಿಸಿದಳು. ಮರಿಯ ರೆಕ್ಕೆ ಬಿಡಿಸಿ, ಗರಿಯ ಉದ್ದ ನೋಡಿ ಗಂಡೋ ಹೆಣ್ಣೋ ಹೇಳುವುದು ಹೇಗೆಂದು ಅದರಲ್ಲಿ ಒಬ್ಬಾತ ತೋರಿಸುತ್ತಿದ್ದ. ಅತ್ತೆ ಕೊನೆಯವರೆಗೂ ನೋಡಿದರು. "ಅವು ಫಾರಂ ಕೋಳಿ, ಅವಕ್ಕ ನಡೀತೈತಿ. ನಮ್ಮವು ಜವಾರಿ," ಎಂದು ಫೋನನ್ನು ನನ್ನ ಕೈಗಿಟ್ಟರು.

ಹ್ಯಾಟಿ ಎಂದು ತೀರ್ಪಾದಾಗ ಅವರ ಮುಖ ನೋಡಬೇಕಿತ್ತು. ಹುಂಜ ಎಂದರೆ ಇವತ್ತಲ್ಲ ನಾಳೆ ಸಾರಿಗೆ ಹೋಗುವುದು. ಹ್ಯಾಟಿ ಎಂದರೆ ತತ್ತಿ, ತತ್ತಿ ಎಂದರೆ ಮತ್ತೆ ಮರಿ. "ನನ್ನವ್ವ, ನನ್ನ ಬಂಗಾರ" ಎಂದು ಅದನ್ನು ಗಲ್ಲಕ್ಕೆ ಒತ್ತಿಕೊಳ್ಳುತ್ತಿದ್ದರು. ಹುಂಜವನ್ನು ಸುಮ್ಮನೆ ನೆಲಕ್ಕೆ ಬಿಡುತ್ತಿದ್ದರು.

ನನ್ನ ಮೊದಲ ಮಗಳು ಹುಟ್ಟಿದ್ದು ಹುಕ್ಕೇರಿ ಕಡೆಯ ನನ್ನ ತವರಿನಲ್ಲಿ. ಸುದ್ದಿ ಮುಟ್ಟಿದರೂ ಅತ್ತೆ ಬರಲಿಲ್ಲ. ತೊಟ್ಟಿಲಿಗೆ ಹಾಕುವ ದಿನ ಬಂದರು. ಬಗ್ಗಿ ನೋಡಿ, "ಮೂಗು ನಮ್ಮ ಕಡೀದ ಐತಿ" ಎಂದು ಊಟಕ್ಕೆ ಕೂತರು. ಎತ್ತಿಕೊಳ್ಳಲಿಲ್ಲ. ಹೋಳಿಗೆ ಬಡಿಸುತ್ತಿದ್ದ ನನ್ನವ್ವ ತಲೆಯೆತ್ತಿ ನನ್ನತ್ತ ನೋಡಿದಳು. ಆ ನೋಟ ನನಗೆ ಇನ್ನೂ ಚುಚ್ಚುತ್ತದೆ. ಅದಕ್ಕೇ ಎರಡನೆಯ ಸಲ ಬಸುರಿಯಾದಾಗ ನನಗಿದ್ದದ್ದು ಒಂದೇ ಚಿಂತೆ. ಇದೂ ಹೆಣ್ಣಾದರೆ ಇವರು ಎತ್ತಿಕೊಳ್ಳುತ್ತಾರೋ ಇಲ್ಲವೋ?

ಮೊದಲ ಸ್ಕ್ಯಾನಿಂಗಿಗೆ ಗೋಕಾಕಕ್ಕೆ ಅತ್ತೆಯೂ ಬಂದಿದ್ದರು. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಕೇಳುವುದೂ ಹೇಳುವುದೂ ಅಪರಾಧ ಎಂದು ಅಲ್ಲಿ ಗೋಡೆಗೆ ಬರೆದಿತ್ತು. ನಾನು ಓದಿ ಹೇಳಿದೆ. ಅತ್ತೆ ಬೋರ್ಡನ್ನು ಒಮ್ಮೆ ನೋಡಿ, "ಇವರಿಗೆ ಗೊತ್ತಿದ್ರಲ್ಲ ಹೇಳಾಕ," ಎಂದರು.

ಊರಿಗೆ ಮರಳಿದವರೇ ದೇವಿಗೆ ಹರಕೆ ಹೊತ್ತರು. ಗಂಡು ಹುಟ್ಟಿದರೆ ಒಂದು ಹುಂಜ. ನಮ್ಮ ಮನೆಯ ಪದ್ಧತಿಯಲ್ಲಿ ಹರಕೆಯ ಹುಂಜವನ್ನು ಸಂತೆಯಿಂದ ತರುವಂತಿಲ್ಲ. ಮರಿಯಾಗಿದ್ದಾಗಲೇ ಆರಿಸಿ, ಕಾಲಿಗೆ ಹಳದಿ ದಾರ ಕಟ್ಟಿ, ಮನೆಯಲ್ಲೇ ಬೆಳೆಸಬೇಕು. ಅದನ್ನು ಬೈಯುವಂತಿಲ್ಲ, ಅಟ್ಟುವಂತಿಲ್ಲ. ಅತ್ತೆ ಹೊಸ ಮರಿಗಳನ್ನು ಒಂದೊಂದಾಗಿ ಎತ್ತಿದರು. ಕರಿ ಮರಿಯೊಂದು ಒದ್ದೆ ಬಟ್ಟೆಯ ಹಾಗೆ ಕಾಲು ಜೋತುಬಿಟ್ಟಿತು. ದಾರ ಕಟ್ಟಿದರು. ದಾರ ಸವೆದಾಗೆಲ್ಲ ಬಿಚ್ಚದೆ ಹೊಸದನ್ನು ಅದರ ಮೇಲೇ ಕಟ್ಟುತ್ತಿದ್ದರು.

ಅಂದಿನಿಂದ ಮನೆಯಲ್ಲಿ ಅದರದೇ ದರ್ಬಾರು. ಜೋಳದ ಚೀಲಕ್ಕೆ ಬಾಯಿ ಹಾಕಿದರೂ ನಾವು ದಾರಿ ಬಿಟ್ಟು ನಿಲ್ಲಬೇಕು. ನನ್ನ ಗಂಡ ರೊಟ್ಟಿ ಮುರಿಯುವ ಮುಂಚೆ ಅದಕ್ಕೊಂದು ಚೂರು ಹೋಗಬೇಕು. ತಿಂಗಳುಗಳು ಕಳೆದವು. ಜುಟ್ಟು ಬರಲಿಲ್ಲ. "ಕೆಲವು ತಡಾ ಮಾಡ್ತಾವ," ಎಂದರು ಅತ್ತೆ. ಕೂಗಲೂ ಇಲ್ಲ. "ದೇವರದು ಅಲ್ಲೇನ, ಗಂಭೀರ ಐತಿ," ಎಂದರು. ನನಗೆ ದಿನ ತುಂಬುವ ಹೊತ್ತಿಗೆ ಒಂದು ಬೆಳಿಗ್ಗೆ, ಬಾಣಂತನಕ್ಕೆಂದು ಒಗೆದು ಮಡಿಚಿಟ್ಟಿದ್ದ ಹಳೆಯ ಸೀರೆಗಳ ಮೇಲೆ ಕೂತು, ದೇವಿಯ ಹುಂಜ ತತ್ತಿ ಇಟ್ಟಿತು. ಇಟ್ಟು, ಓಣಿಗೆಲ್ಲ ಕೇಳುವಂತೆ ಸಾರಿತು.

ನನ್ನ ಗಂಡ ಬಿದ್ದು ಬಿದ್ದು ನಕ್ಕ. ಅತ್ತೆ ನಗಲಿಲ್ಲ. ಯಾರೋ ಬದಲಿಸಿದರು ಎನ್ನುವಂತಿರಲಿಲ್ಲ, ಕಾಲಿನಲ್ಲಿ ದಾರ ಇತ್ತು. ಬಿಸಿ ತತ್ತಿಯನ್ನು ಕೈಯಲ್ಲಿ ಹಿಡಿದು ನನ್ನ ಹೊಟ್ಟೆಯತ್ತ ನೋಡಿದರು.

"ಇದೂ ಹೆಣ್ಣ ತಗೋ," ಎಂದರು.

ನನಗೆ ಮೈಯೆಲ್ಲ ಉರಿಯಿತು. "ಕೋಳಿ ಹೆಣ್ಣಾದ್ರ ಗಲ್ಲಕ್ಕ ಒತ್ತಿಕೊಂತೀರಿ. ತೊಟ್ಟಿಲದಾಗಿನ ನನ್ನ ಮಗಳ್ನ ಮುಟ್ಟಿ ಸೈತ ನೋಡಲಿಲ್ರಿ ನೀವು," ಎಂದೆ.

"ಕೋಳಿ ಹೆಣ್ಣಾದ್ರ ತತ್ತಿ ಹಾಕತೈತಿ. ಹೆಣ್ಣಹುಡುಗಿ ಏನ ಹಾಕತಾಳ?"

"ಹಂಗಾರ ನಾವಿಬ್ರೂ ಈ ಮನ್ಯಾಗ ಏನ ಮಾಡಾಕತ್ತೇವ್ರಿ? ನೀವು ಹಡದಿದ್ದಕ್ಕ ನಿಮ್ಮ ಮಗ ಅದಾನ. ಹುಂಜ ಹಡೀಲಿಲ್ಲ ಅವನ್ನ."

ಅತ್ತೆ ತತ್ತಿಯನ್ನು ಗೂಡಿನಲ್ಲಿಟ್ಟು ಎಮ್ಮೆಗೆ ಮೇವು ಹಾಕಲು ಹೋದರು. ಆಮೇಲೆ ಹೆರಿಗೆಯವರೆಗೂ "ಉಂಡಿಯೇನ", "ಗುಳಿಗಿ ತಗೊಂಡಿಯೇನ" ಎನ್ನುವುದು ಬಿಟ್ಟು ನನ್ನೊಡನೆ ಬೇರೆ ಮಾತಿಲ್ಲ. ಮರಿ ತಂದ ಹೆಂಗಸರನ್ನೂ "ಬೆಳೀಲಿ, ತಾನ ಗೊತ್ತಾಗತೈತಿ" ಎಂದು ವಾಪಸು ಕಳಿಸಿದರು. ಅವರು ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು, ಏನೂ ತೋಚದೆ ಎದ್ದು ಹೋದರು.

ಗೋಕಾಕದ ಆಸ್ಪತ್ರೆಯಲ್ಲಿ ನಸುಕಿಗೆ ಹೆರಿಗೆಯಾಯಿತು. ಹೆಣ್ಣು. ಅತ್ತೆಯ ತೀರ್ಪು ಈ ಸಲ ಸರಿಯಾಗಿತ್ತು. ಗಂಡ ಫೋನು ಮಾಡಿ ತಿಳಿಸಿದ. ಆ ಕಡೆಯಿಂದ ಬರೀ "ಹೂಂ" ಎಂದು ಫೋನಿಟ್ಟರಂತೆ. ಬೆಳಿಗ್ಗೆ ಕಳೆಯಿತು, ಮಧ್ಯಾಹ್ನ ಕಳೆಯಿತು. ಅಕ್ಕಪಕ್ಕದ ಮಂಚಗಳಿಗೆ ಅಜ್ಜಿಯರು ಡಬ್ಬಿ ಹಿಡಿದು ಬಂದರು, ಕೂಸು ಆಡಿಸಿದರು, ಹೋದರು. ನಾನು ಗೋಡೆಗೆ ಮುಖ ಮಾಡಿ ಮಲಗಿ ಕಣ್ಣೀರು ಹಾಕಿದೆ. ಬರದಿದ್ದರೆ ಬೇಡ ಬಿಡು ಎಂದುಕೊಂಡೆ, ಮತ್ತೆ ಬಾಗಿಲ ಕಡೆ ನೋಡಿದೆ.

ಸಂಜೆ ಬಸ್ಸಿಗೆ ಅತ್ತೆ ಬಂದರು. ಹಣೆ ತುಂಬ ಭಂಡಾರದ ಅರಿಶಿನ. ದೇವಿಯ ಗುಡಿಗೆ ಹೋಗಿ, ನಮ್ಮ ಹಿತ್ತಲಿನ ದೊಡ್ಡ ಹುಂಜವನ್ನು ಕೊಟ್ಟು, ಅಲ್ಲಿಂದ ನೇರ ಬಂದಿದ್ದರು.

"ಗಂಡು ಹುಟ್ಟಿದ್ರ ಕೊಡ್ತೇನಿ ಅಂತ ಬೇಡಿಕೊಂಡಿದ್ರಲ್ರಿ?" ಎಂದೆ.

"ಕೂಸು ಹುಟ್ಟೇತಿ ಅಂತ ಹೇಳಿದೆ. ಅಷ್ಟ."

"ಗಂಡೋ ಹೆಣ್ಣೋ ಅಂತ ದೇವಿ ಕೇಳಲಿಲ್ಲೇನ್ರಿ?"

"ಯಾಕ ಕೇಳ್ತಾಳ? ಆಕಿನೂ ಹೆಣ್ಣ ಅಲ್ಲೇನ?"

ಚಪ್ಪಲಿ ಮಂಚದ ಕೆಳಗೆ ಸರಿಸಿ, ಕೈಯನ್ನು ಸೆರಗಿಗೆ ಒರೆಸಿಕೊಂಡು, ಎರಡೂ ಕೈ ಚಾಚಿದರು. ಕೂಸನ್ನು ಕೊಟ್ಟೆ. ಬಹಳ ಹೊತ್ತಾಯಿತು. ಕೂಸು ಹಾಲಿಗೆ ಅಳತೊಡಗಿತು. ಕೊಡ್ರಿ ಎಂದೆ. ಕೊಡಲಿಲ್ಲ.

"ತಡಿ," ಎಂದರು, ನನ್ನ ಕಡೆ ನೋಡದೆ. "ದೊಡ್ಡಾಕಿನ್ನ ಹಿಂಗ ಎತ್ತಿಕೊಂಡಿಲ್ಲ ನಾ."