ಹರಿದ ಮೂರು ಅಧ್ಯಾಯಗಳು

ದಿಲಶಾದ, ಆ ಪುಸ್ತಕದ ಕೊನೆಯ ಮೂರು ಅಧ್ಯಾಯಗಳನ್ನು ಹರಿದವಳು ನಾನು. ಇಲಿ ಕಡಿದಿರಬೇಕು ಎಂದು ನಿನ್ನ ಅಮ್ಮನಿಗೆ ಹೇಳಿದ್ದು ಸುಳ್ಳು. ಆಮೇಲೆ ನಿನ್ನ ಎದುರಿಗೇ ಇನ್ನೊಂದು ಸುಳ್ಳು ಹೇಳಿದೆ — ಅದು ಇದಕ್ಕಿಂತ ದೊಡ್ಡದು.

ಹೋದ ವಾರ ಇಂಡಿ ಊರಿನ ಬಸ್ ನಿಲ್ದಾಣದಲ್ಲಿ ನೀನು ನನ್ನ ಮಗಳು ಮಾಲತಿಗೆ ಸಿಕ್ಕೆಯಂತೆ. "ಮಕ್ಕಳಿಗೆ ದಿನಾ ಒಂದೊಂದು ಅಧ್ಯಾಯ ಓದಿ ಹೇಳಬೇಕಂತ ಮಾಡೇನಿ. ಯಾವ ಪುಸ್ತಕ ಚಲೋ ಅಂತ ದೊಡ್ಡವ್ವನ್ನ ಕೇಳು. ನಮ್ಮಮ್ಮ ಓದಿದ ಕಡೀ ಪುಸ್ತಕ ಅವರ ಕೊಟ್ಟದ್ದು" ಎಂದೆಯಂತೆ. ಮಾಲತಿ ಇದನ್ನು ಸಂತೋಷದಿಂದ ಬಂದು ಹೇಳಿದಳು. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಒಲೆ ಹಚ್ಚಿ ಮರೆಯುತ್ತೇನೆ, ಬಾಗಿಲಿಗೆ ಹೋಗಿ ಯಾಕೆ ಬಂದೆನೆಂದು ನಿಲ್ಲುತ್ತೇನೆ. ನೀನು ನನ್ನನ್ನು ಒಳ್ಳೆಯವಳೆಂದು ನೆನೆಯುತ್ತಿದ್ದೀ — ಇಷ್ಟು ವರ್ಷ —

ಎಪ್ಪತ್ಮೂರನೆಯ ಇಸವಿಯೋ ಎಪ್ಪತ್ನಾಲ್ಕೋ, ನಾವು ಸಿಂದಗಿಯಲ್ಲಿ ಒಂದೇ ಗೋಡೆಯ ಎರಡು ಮನೆಗಳಲ್ಲಿ ಇದ್ದೆವು. ನಿನಗೂ ಮಾಲತಿಗೂ ಎಂಟು ವರ್ಷ, ನನ್ನ ಮಗ ಶಿವುಗೆ ಆರು. ನಾನು ಮುಲ್ಕಿ ಪಾಸಾದವಳು, ಅಂದರೆ ಏಳನೆಯ ಇಯತ್ತೆ. ನಮ್ಮ ಓಣಿಯ ಹೆಂಗಸರಲ್ಲಿ ಅದೇ ಹೆಚ್ಚು. ಯಜಮಾನರು ವಿಜಾಪುರಕ್ಕೆ ಹೋದಾಗಲೆಲ್ಲ ಮಕ್ಕಳ ಕಾದಂಬರಿ ತರುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ದಿನಕ್ಕೊಂದು ಅಧ್ಯಾಯ ಓದುತ್ತಿದ್ದೆ. ಓಣಿಯ ಹುಡುಗರು ಹೊಸ್ತಿಲಲ್ಲಿ ಬಂದು ಕೂರುತ್ತಿದ್ದರು. ಆಮೇಲೆ ಅವರ ತಾಯಂದಿರು ನನ್ನನ್ನು ಕೇಳತೊಡಗಿದರು. ಎಂಟು ವರ್ಷದವರಿಗೆ ಇದು, ರಾಕ್ಷಸ ಬರುವ ಇದನ್ನು ಮಲಗುವ ಮೊದಲು ಬೇಡ, ಇದರ ಅಧ್ಯಾಯಗಳು ಸಣ್ಣವು, ಹಿಟ್ಟು ನಾದಿ ಎರಡು ರೊಟ್ಟಿ ಬಡಿಯುವಷ್ಟರಲ್ಲಿ ಒಂದು ಮುಗಿಯುತ್ತದೆ — ಹೀಗೆ ಹೇಳಿ ಹೇಳಿ ಕಳಿಸುತ್ತಿದ್ದೆ. ನನಗೆ ಅದರ ಹೆಮ್ಮೆ ಇತ್ತು. ಬಹಳ ಇತ್ತು.

ಆ ಪುಸ್ತಕದಲ್ಲಿ ಹದಿನಾಲ್ಕು ಅಧ್ಯಾಯ. ಅದನ್ನು ಓದಿದ ದಿನಗಳಲ್ಲಿ ನೀನು ತಂಗಡಗಿಗೆ, ಅಜ್ಜಿಯ ಮನೆಗೆ ಹೋಗಿದ್ದೆ. ಒಬ್ಬ ತಾಯಿ, ಒಬ್ಬ ಮಗಳು, ಕುರಿ ಕಾಯುತ್ತ ಊರಿಂದೂರಿಗೆ ಹೋಗುವ ಕತೆ. ಹನ್ನೆರಡನೆಯದರಲ್ಲಿ ತಾಯಿ ಜ್ವರದಿಂದ ಸಾಯುತ್ತಾಳೆ. ಉಳಿದ ಎರಡರಲ್ಲಿ ಮಗಳು ಸೋದರಮಾವನ ಮನೆ ಸೇರಿ, ಮೊದಮೊದಲು ಉಣ್ಣದೆ, ಯಾರೊಡನೆಯೂ ಮಾತಾಡದೆ ಇದ್ದು, ನಿಧಾನಕ್ಕೆ ಮತ್ತೆ ನಗುವುದನ್ನು ಕಲಿಯುತ್ತಾಳೆ. ಹನ್ನೆರಡನೆಯದಕ್ಕೆ ಬಂದ ದಿನ ಶಿವು ನನ್ನ ಸೆರಗು ಹಿಡಿದುಕೊಂಡ. ನನಗೆ ಓದಲಾಗಲಿಲ್ಲ. ಹಾಳೆಯ ಮೇಲೆ ಕಣ್ಣಿಟ್ಟುಕೊಂಡೇ ನನ್ನ ಕತೆ ಹೇಳಿದೆ — ಜ್ವರ ಇಳಿಯಿತು, ತಾಯಿ ಮಗಳು ಊರಿಗೆ ಮರಳಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಅದು ಪುಸ್ತಕದಲ್ಲೇ ಇದೆಯೆಂದು ನಂಬಿದರು, ನಾನು ನಂಬಲು ಬಿಟ್ಟೆ.

ಅದಾಗಿ ಸ್ವಲ್ಪ ದಿನಕ್ಕೆ ಒಂದು ಮಧ್ಯಾಹ್ನ ನಿನ್ನ ಅಮ್ಮ ಮೆಹಬೂಬಿ ಬಂದಳು. ತಂಗಡಗಿಯ ಕನ್ನಡ ಸಾಲಿಯಲ್ಲಿ ನಾಲ್ಕನೆಯ ಇಯತ್ತೆವರೆಗೆ ಓದಿದವಳು. ಎರಡು ಮೆಟ್ಟಿಲು ಹತ್ತಿದ್ದಕ್ಕೇ ದಮ್ಮು ಹತ್ತಿ ಕಂಬ ಹಿಡಿದು ನಿಂತಳು.

"ಅಕ್ಕಾ, ಒಂದು ಪುಸ್ತಕ ಬೇಕಾಗಿತ್ರಿ. ತಾಯಿ ಹೋದ ಮ್ಯಾಲೂ ಮಗಳು ಬದುಕ್ತಾಳಲ್ಲ, ಅಂಥಾ ಕತಿ ಇದ್ದದ್ದು."

"ಏನ ಮಾತಾಡ್ತಿ ಮೆಹಬೂಬಿ!"

"ಸೊಲ್ಲಾಪುರದ ಡಾಕ್ಟರ್ ಹೇಳ್ಯಾರ್ರಿ. ಎದಿ ಪೂರಾ ಕೆಟ್ಟೈತಂತ. ದಿಲಶಾದಗ ನನ್ನ ಬಾಯಿಲೆ ಹೇಳಾಕ ಆಗವಲ್ದು. ದಿನಾ ಒಂದೀಟು ಓದತೇನಿ. ಕತ್ಯಾಗ ಆ ಮಾತು ಬಂದ ದಿನ ಅಕೀನ ತೊಡಿ ಮ್ಯಾಲ ಕುಂದರ್ಸಿಕೊಂಡು — ಹಿಂಗ ಆಗತೈತಿ, ಆದ್ರೂ ನೀ ಉಣಬೇಕು, ನಗಬೇಕು, ನೀ ನಕ್ಕರ ನನಗ ಬ್ಯಾಸರಾಗಂಗಿಲ್ಲ — ಇಷ್ಟ ಹೇಳೂದೈತಿ."

ನನ್ನ ಹತ್ತಿರ ಅಂಥದೇ ಪುಸ್ತಕ ಇದೆ, ನಾಳೆ ಕೊಡುತ್ತೇನೆ ಎಂದೆ. ಮನಸ್ಸಿನಿಂದಲೇ ಅಂದೆ, ದಿಲಶಾದ.

ಅವಳು ಹೋದ ಮೇಲೆ ನನಗೆ ಬೇರೆಯೇ ಯೋಚನೆ ಶುರುವಾಯಿತು. ನೀನು ಇದನ್ನು ಕೇಳಿದರೆ ಮಾಲತಿಗೆ ಹೇಳುತ್ತೀ. ಮಾಲತಿ ನನ್ನ ಮುಂದೆ ಬಂದು ನಿಲ್ಲುತ್ತಾಳೆ — ಅವ್ವಾ, ನೀ ಸುಳ್ಳು ಓದಿದಿ. ಓಣಿಗೆಲ್ಲ ಗೊತ್ತಾಗುತ್ತದೆ. ಎಳೆಯ ಹುಡುಗಿಗೆ ಸಾವಿನ ಕತೆ ಯಾಕೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಹಾಳೆಗಳನ್ನು ಹರಿಯುವಾಗ ನನ್ನ ಕಣ್ಣ ಮುಂದೆ ಇದ್ದದ್ದು ನೀನಲ್ಲ, ಮಾಲತಿಯ ಮುಖ. ಮೂರು ಅಧ್ಯಾಯಗಳನ್ನೂ ಒಲೆಗೆ ಹಾಕಿದೆ. ಕೊಡುತ್ತೇನೆಂದು ಹೇಳಿಯಾಗಿತ್ತಲ್ಲ, ಮರುದಿನ ಉಳಿದ ಪುಸ್ತಕ ಕೊಟ್ಟೆ.

ಹನ್ನೊಂದು ದಿನ ಗೋಡೆಯಾಚೆಯಿಂದ ಅವಳ ದನಿ ಕೇಳಿಸಿತು. ಅರ್ಧ ಸಾಲು ಓದಿ ನಿಲ್ಲುವಳು, ಉಸಿರು ತೆಗೆದುಕೊಂಡು ಮತ್ತೆ ಓದುವಳು. ಐದಾಯಿತು, ಆರಾಯಿತು ಎಂದು ಎಣಿಸುತ್ತ ಒಳಗೂ ಹೊರಗೂ ತಿರುಗಾಡಿದೆ. ಹೋಗಿ ಹೇಳಬಹುದಿತ್ತು. ಮುಂದಿನ ಕತೆ ನನಗೆ ಬಾಯಿಪಾಠವಾಗಿತ್ತು. ದಿನಾ ಹೊರಟೆ, ದಿನಾ ಬಾಗಿಲಿಂದ ತಿರುಗಿ ಬಂದೆ.

ಹನ್ನೆರಡನೆಯ ದಿನ ಅವಳೇ ಬಂದಳು. ನೀನು ಅವಳ ಸೆರಗು ಹಿಡಿದಿದ್ದೆ.

"ಅಕ್ಕಾ, ಕಡೀಕ ಹಾಳಿಗೋಳ ಇಲ್ಲಲ್ರಿ."

"ಇಲಿ ಕಡಿದಿರಬೇಕು."

"ನಿಮಗ ನೆನಪಿರಬೇಕಲ್ರಿ. ಬಾಯಿಲೆ ಹೇಳ್ರಿ. ಈಗ, ಈಕಿ ಮುಂದನ ಹೇಳ್ರಿ."

ಎಷ್ಟು ದಿನಗಳ ಧೈರ್ಯ ಕೂಡಿಸಿಕೊಂಡು ಬಂದಿದ್ದಳೋ. ನಾನು ಬಾಯಿ ತೆರೆಯುವ ಮೊದಲೇ ಮಾಲತಿ ಒಳಗಿನಿಂದ ಓಡಿ ಬಂದಳು. "ನನಗ ಗೊತ್ತೈತಿ! ಅವರವ್ವಗ ಆರಾಮ ಆಗತೈತಿ! ಇಬ್ಬರೂ ಊರಿಗೆ ಹೋಗತಾರ!"

ಮೆಹಬೂಬಿ ನನ್ನನ್ನೇ ನೋಡಿದಳು. "ಹೌದೇನ್ರಿ ಅಕ್ಕಾ?"

ಒಂದು ಕಡೆ ನನ್ನ ಮಗಳು, ಇನ್ನೊಂದು ಕಡೆ ನೀವಿಬ್ಬರು.

"ಹೌದು" ಎಂದೆ.

ನೀನು ಕುಣಿದಾಡಿದೆ — "ಅಮ್ಮಾ, ಆರಾಮ ಆಗತೈತಂತ!" ಅವಳು ನಿನ್ನ ತಲೆಯ ಮೇಲೆ ಕೈಯಿಟ್ಟಳು. ನನ್ನನ್ನು ಮತ್ತೆ ನೋಡಲಿಲ್ಲ. ನಾನು ಮೊದಲು ಹೇಳಿದ್ದು ಸುಳ್ಳೋ ಈಗ ಹೇಳಿದ್ದು ಸುಳ್ಳೋ ಅವಳಿಗೆ ತಿಳಿಯದೆ ಇರುತ್ತದೆಯೇ? ನಿನ್ನನ್ನು ಕರೆದುಕೊಂಡು ಹೋದಳು. ಪುಸ್ತಕವನ್ನು ಮರುದಿನ ನಿನ್ನ ಕೈಯಲ್ಲಿ ಕಳಿಸಿದಳು. ಆಮೇಲೆ ನಮ್ಮ ಮೆಟ್ಟಿಲು ಹತ್ತಲಿಲ್ಲ.

ಹಿಂಗಾರಿ ಜೋಳ ಬಿತ್ತುವ ದಿನಗಳಲ್ಲಿ ಅವಳು ತೀರಿಕೊಂಡಳು. ಮೂರನೆಯ ದಿನ ನೀನೊಬ್ಬಳೇ ನಮ್ಮ ಬಾಗಿಲಿಗೆ ಬಂದೆ. ತಲೆ ಬಾಚಿರಲಿಲ್ಲ.

"ದೊಡ್ಡವ್ವಾ, ಆ ಪುಸ್ತಕದಾಗಿನ ಅವ್ವಗ ಯಾವ ಔಷಧ ಕೊಟ್ಟಿದ್ರು?"

ಆಗಲಾದರೂ ಹೇಳಬೇಕಿತ್ತು. ಅವಳು ನಿನಗೆ ಹೇಳಬೇಕೆಂದಿದ್ದ ಮಾತು ನನ್ನ ಬಳಿ ಇತ್ತು — ಉಣ್ಣಬೇಕು, ನಗಬೇಕು, ನೀನು ನಕ್ಕರೆ ಅವಳಿಗೆ ಬೇಸರವಾಗುವುದಿಲ್ಲ. ಅದು ನಿನ್ನದು. ನಾನು ಇಟ್ಟುಕೊಂಡೆ. "ನೆನಪಿಲ್ಲವ್ವಾ" ಎಂದೆ. ನೀನು ತಿರುಗಿ ಹೋದೆ. ಆ ವಾರವೇ ನಿಮ್ಮಪ್ಪ ನಿನ್ನನ್ನು ತಂಗಡಗಿಗೆ, ಅಜ್ಜಿಯ ಮನೆಗೆ ಬಿಟ್ಟು ಬಂದರು. ನೀನು ಅಲ್ಲಿ ತಿಂಗಳುಗಟ್ಟಲೆ ಸರಿಯಾಗಿ ಉಣ್ಣುತ್ತಿಲ್ಲ ಎಂದು ಅವರೇ ಹೇಳಿದರು. ಅದನ್ನು ಕೇಳಿಯೂ ನಾನು ಸುಮ್ಮನಿದ್ದೆ.

ನಾನು ಯಾವುದಕ್ಕೆ ಹೆದರಿದ್ದೆನೋ ಅದು ಏನಾಯಿತು ಗೊತ್ತೇ? ಮಾಲತಿ ದೊಡ್ಡವಳಾಗಿ ಬಸವನ ಬಾಗೇವಾಡಿಯಲ್ಲಿ ಶಿಕ್ಷಕಿಯಾದ ಮೇಲೆ ಅಲ್ಲಿ ಅದೇ ಪುಸ್ತಕ ಸಿಕ್ಕಿ ಓದಿದಳು. ಊರಿಗೆ ಬಂದವಳು, "ಅವ್ವಾ, ನೀ ಹೇಳಿದ್ದ ಕತಿ ಬ್ಯಾರೆನ ಇತ್ತಲ್ಲ!" ಎಂದು ನಕ್ಕಳು. ನಕ್ಕು, ಚಹಾ ಕೇಳಿದಳು. ಅಷ್ಟೇ. ಅಷ್ಟಕ್ಕೆ ಹೆದರಿ ನಾನು ನಿನ್ನ ಅಮ್ಮನ ಬಾಯಿಂದ — ಮುಂದೆ ಬರೆಯಲಾರೆ.

ನಿನ್ನ ಮಕ್ಕಳಿಗೆ ಯಾವ ಪುಸ್ತಕ ಎಂದು ಕೇಳಿದ್ದೀ. ನಾನು ಹೇಳುವುದಿಲ್ಲ, ದಿಲಶಾದ. ಆ ಯೋಗ್ಯತೆ ನನಗಿಲ್ಲ. ನೀನೇ ಮೊದಲು ಒಬ್ಬಳೇ ಕೂತು ಓದಿ ಆರಿಸು. ಓದುವಾಗ ಅಳು ಬಂದರೆ ಅವರೆದುರೇ ಅತ್ತುಬಿಡು, ತೊಂದರೆಯಿಲ್ಲ.

ಈ ಕಾಗದವನ್ನು ಇವತ್ತು ಮಾಲತಿಯನ್ನು ಕೂರಿಸಿಕೊಂಡು ಮೊದಲಿನಿಂದ ಇಲ್ಲಿಯವರೆಗೆ ಗಟ್ಟಿಯಾಗಿ ಓದಿದೆ. ಈ ಸಲ ಅವಳು ನಗಲಿಲ್ಲ. ಎದ್ದು ಒಳಗೆ ಹೋದಳು. ನಾಳೆ ಮುಂಜಾನೆ ನಾನೇ ನಡೆದು ಹೋಗಿ ಇದನ್ನು ಅಂಚೆಗೆ ಹಾಕುತ್ತೇನೆ. ನೀನು ಉತ್ತರ ಬರೆಯದಿದ್ದರೂ ಸರಿಯೇ.