ನಾನು ರೈಟ್ ಅಂದೆ

ನಾಗರಾಜ, ಆ ಟೈರು ಹಳೇದು ಅಂತ ನನಗೆ ಗೊತ್ತಿತ್ತು. ಹಾಕಿಸುವ ಮೊದಲೇ ಗೊತ್ತಿತ್ತು. ನಿನ್ನ ಪಿಕಪ್ಪು ಹೊಳಲೂರು ರಸ್ತೆಯಲ್ಲಿ ಚರಂಡಿಗೆ ಇಳಿದದ್ದು ನೀನು ಹೇರಿದ ಲೋಡಿನಿಂದ ಅಂತ ಮನೆಮಂದಿಯೆಲ್ಲ ಇಷ್ಟು ವರ್ಷ ಆಡಿದರು, ನೀನೂ ನಂಬಿದೆ. ನಾನು ಊಟದ ಎಲೆ ಮುಂದೆ ಕೂತು ತಲೆಯಾಡಿಸಿದೆ.

ಬಾಯಲ್ಲಿ ಹೇಳಲು ಹೊರಟರೆ ಇದನ್ನೂ ಒಂದು ಕಥೆ ಮಾಡಿ, ಎಲ್ಲರನ್ನೂ ನಗಿಸಿ ಎದ್ದುಬಿಡುತ್ತೇನೆ — ನಿನ್ನ ಭಾವನ ಚಾಳಿ ನಿನಗೆ ಗೊತ್ತೇ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ಬೋರ್‌ವೆಲ್ಲಿನ ಮೋಟಾರು ಎತ್ತಿ ಇಳಿಸುವ ಕೆಲಸಕ್ಕೆ ಅಂತ ನೀನು ಆ ಗಾಡಿ ತಗೊಂಡಿದ್ದೆ. ಟೈರು ಸವೆದು ಹೊಲದ ಕೆಸರಲ್ಲಿ ಹೂತುಕೊಳ್ಳುತ್ತಿತ್ತು. ಒಂದು ಸಲ ಟ್ರ್ಯಾಕ್ಟರ್ ಕಟ್ಟಿ ಎಳೆಸಿದಾಗ ಹೊಲದ ಯಜಮಾನರು, “ಮೋಟಾರ್ ಎತ್ತೋಕೆ ಬಂದವನನ್ನ ನಾವೇ ಎತ್ತಬೇಕಾಯ್ತಲ್ಲೋ ಮಾರಾಯ” ಅಂದರಂತೆ. ಮಾರನೇ ದಿನವೇ ನಮ್ಮ ಮನೆಗೆ ಬಂದೆ. “ಭಾವ, ಆಲ್ ಟೆರೇನ್ ಅಂತ ಬರುತ್ತಲ್ಲ, ಕೆಸರಿಗೂ ಸೈ ಟಾರ್ ರಸ್ತೆಗೂ ಸೈ, ಅದನ್ನ ಹಾಕಿಸ್ತೀನಿ. ನೀವು ಬನ್ನಿ, ನನಗೆ ಟೈರ್ ವಿಷಯ ಏನೂ ಗೊತ್ತಾಗಲ್ಲ.”

ನನಗೆ ಗೊತ್ತಾಗುತ್ತದೆ ಅಂತ ಎಲ್ಲರೂ ತಿಳಿದಿದ್ದರು. ಶಿವಮೊಗ್ಗ–ಭದ್ರಾವತಿ ಬಸ್ಸಿನಲ್ಲಿ ಕಂಡಕ್ಟರಾಗಿ ತಲೆ ನರೆಸಿಕೊಂಡವನು ನಾನು. ಬಂಧುಬಳಗದಲ್ಲಿ ಯಾರು ಗಾಡಿ ಕೊಂಡರೂ ನಾನು ಒಂದು ಸುತ್ತು ಬಂದು, ಟೈರಿಗೆ ಕಾಲಲ್ಲಿ ಒದ್ದು, “ಹೂಂ” ಅನ್ನಬೇಕು. ಒದ್ದರೆ ಏನು ತಿಳಿಯುತ್ತದೆ ಅಂತ ಯಾರೂ ಕೇಳಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಮೊದಲು ಹೋದದ್ದು ಸವಳಂಗ ರಸ್ತೆಯ ಅಂಗಡಿಗೆ. ಅಲ್ಲಿನ ಮಾಲೀಕ ನಿನ್ನನ್ನು ನೆಟ್ಟಗೆ ಕೇಳಿದ — ಹೊಲಕ್ಕೆ ಎಷ್ಟು ಇಳಿಸ್ತೀರಿ, ಭಾರ ಎಷ್ಟು ಹೇರ್ತೀರಿ. ಕೇಳಿಕೊಂಡು, “ನಿಮಗೆ ಆಲ್ ಟೆರೇನೇ ಸರಿ. ಆದ್ರೆ ಭಾರ ತಡೆಯೋ ಗಟ್ಟಿ ಮಾಲು ಬೇಕು. ನಿಮ್ಮ ಸೈಜು ಈಗಿಲ್ಲ, ಒಂದು ವಾರ ಕಾಯಿರಿ, ಹೊಸ ಸ್ಟಾಕ್ ಬರುತ್ತೆ” ಅಂದ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಾನೇ ಬಾಯಿ ಹಾಕಿದೆ — ಇನ್ನೂ ಅಗಲದ್ದು ಹಾಕಿದರೆ ಒಳ್ಳೇದಲ್ವಾ.

“ಮಡ್‌ಗಾರ್ಡಿಗೆ ಉಜ್ಜುತ್ತೆ ಸ್ವಾಮಿ. ನೀವೇನು ಡ್ರೈವರಾ?”

“ಕಂಡಕ್ಟರಾಗಿದ್ದೆ.”

“ಅದೇ ಮತ್ತೆ! ಸೀಟಿ ಊದಿದ್ದು, ಸ್ಟೀರಿಂಗ್ ಹಿಡಿದದ್ದಲ್ಲ.”

ನೀನೂ ನಕ್ಕೆ ನಾಗರಾಜ. ಕೆಟ್ಟ ನಗುವಲ್ಲ. ಆದರೆ ನನಗೆ ಅದು — ಏನು ಹೇಳಲಿ, ಊಟಕ್ಕೆ ಕರೆದು ಎಲೆ ಮುಂದಿನಿಂದ ಎಬ್ಬಿಸಿದ ಹಾಗಾಯಿತು. “ವಾರ ಯಾಕೆ ಕಾಯಬೇಕು, ಭದ್ರಾವತಿಯಲ್ಲಿ ನಮ್ಮವನೇ ಇದ್ದಾನೆ, ನಡಿ” ಅಂತ ನಿನ್ನನ್ನು ಎಬ್ಬಿಸಿಕೊಂಡು ಹೊರಟೆ.

ನಮ್ಮವನು ಅಂದರೆ ಚನ್ನಪ್ಪ. ನನ್ನ ಬಸ್ಸಿನ ಹಳೇ ಡ್ರೈವರು, ಆಮೇಲೆ ಟೈರು ಅಂಗಡಿ ಇಟ್ಟವನು. ನಿನ್ನ ಸೈಜು ಅವನಲ್ಲಿತ್ತು. ನೆಲ ಹಿಡಿಯುವ ದಪ್ಪ ಕಚ್ಚು, ಕಪ್ಪು ಮಿರಮಿರ ಮಿನುಗು. ನೀನು ಗಾಡಿಯನ್ನು ಅಂಗಡಿ ಹತ್ತಿರಕ್ಕೆ ತರಲು ಹೋದಾಗ ಚನ್ನಪ್ಪ ಟೈರಿನ ಪಕ್ಕೆಯ ಮೇಲೆ ಬೆರಳಿಟ್ಟು ನಾಲ್ಕಂಕಿಯ ನಂಬರು ತೋರಿಸಿದ. ಮೊದಲೆರಡು ಅಂಕಿ ತಯಾರಾದ ವಾರ, ಕೊನೆಯೆರಡು ವರ್ಷ; ಆ ವರ್ಷ ಕಳೆದು ಎಷ್ಟೋ ಕಾಲವಾಗಿತ್ತು. ಕಚ್ಚಿನ ಸಂದಿಯಲ್ಲಿ ಕೂದಲೆಳೆಯಂಥ ಬಿರುಕೂ ಇತ್ತು.

“ರಸ್ತೆ ಮುಟ್ಟಿಲ್ಲ ಮಾರಾಯ, ಆದ್ರೆ ಕೂತೂ ಕೂತೂ ರಬ್ಬರ್ ಒಣಗಿದೆ. ಟಾರ್ಪಾಲು ಹೊರೋ ಗಾಡಿಗಾದ್ರೆ ನಡೆಯುತ್ತೆ, ಇವನದು ಕಬ್ಬಿಣದ ಲೋಡು. ನೀನು ರೈಟ್ ಅಂದ್ರೆ ಹಾಕ್ತೀನಿ, ಹೋಲ್ಡಾನ್ ಅಂದ್ರೆ ಒಳಗಿಡ್ತೀನಿ.”

ಹೋಲ್ಡಾನ್ ಅಂದಿದ್ದರೆ ಮತ್ತೆ ಸವಳಂಗ ರಸ್ತೆಗೆ ಹೋಗಬೇಕಿತ್ತು. ಆ ಮನುಷ್ಯನ ಎದುರು ನಿಂತು ವಾರ ಕಾಯುತ್ತೀವಿ ಅನ್ನಬೇಕಿತ್ತು.

“ರೈಟ್,” ಅಂದೆ.

ಬಸ್ಸಿನಲ್ಲಿ ಡ್ರೈವರಿಗೆ ಹಿಂದಿನ ಬಾಗಿಲು ಕಾಣುವುದಿಲ್ಲ. ಅಜ್ಜಿಯ ಕಾಲು ಇನ್ನೂ ನೆಲದ ಮೇಲಿದೆಯೋ, ಮೆಟ್ಟಿಲ ಮೇಲಿದೆಯೋ — ಕಂಡಕ್ಟರಿಗೆ ಮಾತ್ರ ಗೊತ್ತು. ಅವನು ರೈಟ್ ಅಂದರೆ ಡ್ರೈವರು ತಿರುಗಿಯೂ ನೋಡದೆ ಗೇರು ಹಾಕುತ್ತಾನೆ. ಆ ಒಂದು ಮಾತಿನ ಮೇಲೆ ನನ್ನ ಇಡೀ ಕೆಲಸ ನಿಂತಿತ್ತು.

ಟೈರು ಏರಿಸಿದ ಮೇಲೆ ನೀನು ಬಗ್ಗಿ ಬಟ್ಟೆಯಲ್ಲಿ ಒರೆಸುತ್ತ, “ಭಾವ, ಇದೇನು ನಂಬರು?” ಅಂತ ಕೇಳಿದೆ.

“ಅದು ಕಂಪನಿ ನಂಬರು ಕಣೋ.”

ಅಷ್ಟೇ ಸಾಕಾಯಿತು ನಿನಗೆ. ಟೈರಿನಡಿ ನಿಂಬೆಹಣ್ಣು ಇಟ್ಟು ನೀನು ಗಾಡಿ ಹತ್ತಿಸಿದೆ.

ಎಡಗಡೆಯ ಹಿಂದಿನ ಟೈರು ಒಡೆದದ್ದು, ಗಾಡಿ ಚರಂಡಿಗೆ ಮಗುಚಿದ್ದು, ನಿನ್ನ ಮಣಿಕಟ್ಟು ಮುರಿದದ್ದು — ಅದನ್ನು ನಿನಗೆ ನಾನು ಹೇಳಬೇಕಾಗಿಲ್ಲ. ಅವತ್ತು ನೀನು ಪೈಪು ಒಂದಿಷ್ಟು ಜಾಸ್ತಿಯೇ ಹೇರಿದ್ದೆ, ನಿಜ. ಅದೂ ಸೇರಿತ್ತೋ ಏನೋ, ನನಗೆ ತಿಳಿಯದು. ಆದರೆ ಒಡೆದ ಟೈರು ನೋಡಿದಾಗ ಅವತ್ತು ಕಂಡ ಬಿರುಕುಗಳೇ ಹಿಗ್ಗಿ ಒಡಕಿನವರೆಗೆ ಹೋಗಿದ್ದನ್ನು ನಾನು ನೋಡಿದೆ. ನೋಡಿ, “ಬಸಳೆ ಹಾಕೋಕೆ ಬೇಕು” ಅಂತ ಅದನ್ನು ನಮ್ಮ ಹಿತ್ತಲಿಗೆ ತಂದೆ. ನಂಬರಿನ ಮಗ್ಗುಲು ನೆಲಕ್ಕೆ ಮಾಡಿ ಮಣ್ಣು ತುಂಬಿದೆ. ಆ ಬಸಳೆಯ ಹುಳಿಯನ್ನು ನಿನಗೂ ಬಡಿಸಿದ್ದೇವೆ.

ನಿನಗೆ ‘ಓವರ್‌ಲೋಡ್ ನಾಗರಾಜ’ ಅಂತ ಹೆಸರು ಬಿತ್ತಲ್ಲ — ಅದನ್ನು ಮೊದಲು ಅಂದದ್ದು ನಿನ್ನಕ್ಕ. ಮೊದಲು ನಕ್ಕದ್ದು ನಾನು. ಆಮೇಲೆ ನೀನು ಸ್ಟೀರಿಂಗ್ ಬಿಟ್ಟೆ. ಡ್ರೈವರನ್ನು ಇಟ್ಟು ಪಕ್ಕದ ಸೀಟಿನಲ್ಲಿ ಕೂರತೊಡಗಿದೆ. ಕಳೆದ ವಾರ ಬಂದು, “ಗಾಡಿ ಮಾರಿಬಿಡ್ತೀನಿ ಭಾವ, ಕೆಲಸಾನೂ ನಿಲ್ಲಿಸ್ತೀನಿ. ನನ್ನ ಕೈಯೇ ಸರಿಯಿಲ್ಲ” ಅಂದೆ. ನಾನು ಕಾಫಿ ಲೋಟ ಕೆಳಗಿಟ್ಟು ಬಾಯಿ ತೆರೆದೆ. ತೆರೆದು, ಸಕ್ಕರೆ ಸಾಕಾ ಅಂತ ಕೇಳಿದೆ.

ನಿನ್ನ ಕೈ ಸರಿಯಾಗೇ ಇತ್ತು. ಹಿಂದೆ ನಿಂತು ನೋಡಬೇಕಾದವನು ನೋಡಿಯೂ ರೈಟ್ ಅಂದ.

ಭಾನುವಾರ ಎಲ್ಲರೂ ಊಟಕ್ಕೆ ಬರುತ್ತಾರೆ, ನೀನೂ ಬಾ. ಬಸಳೆ ಕಿತ್ತು, ಟೈರು ತೊಳೆದು ಜಗುಲಿಗೆ ಒರಗಿಸಿದ್ದೇನೆ, ನಂಬರಿನ ಮಗ್ಗುಲು ಹೊರಗೆ ಮಾಡಿ. ಅದನ್ನು ಓದುವುದು ಹೇಗೆ ಅಂತ ಅಷ್ಟೂ ಜನರ ಎದುರು ನಿನಗೆ ಹೇಳಿಕೊಡುತ್ತೇನೆ. ಆಮೇಲೆ ನನ್ನನ್ನು ಏನನ್ನುತ್ತೀಯೋ ಅನ್ನು, ನಮ್ಮನೆ ಮೆಟ್ಟಿಲು ತುಳಿಯದಿದ್ದರೂ ಸರಿಯೇ.

ಗಾಡಿ ಮಾರುವುದಕ್ಕೆ ಮಾತ್ರ, ಅಲ್ಲಿಯವರೆಗೆ — ಹೋಲ್ಡಾನ್.